ಆಮೆ ಸಾಕುವ ಮುನ್ನ ಬಿಸಿಲನ್ನು ಅರಿಯಬೇಕು

1968ರ ಸೆಪ್ಟೆಂಬರಿನಲ್ಲಿ ಸೋವಿಯತ್ ಒಕ್ಕೂಟ ಹಾರಿಸಿದ ಝೋಂಡ್ 5 ನೌಕೆಯಲ್ಲಿ ಎರಡು ಆಮೆಗಳಿದ್ದವು. ಚಂದ್ರನನ್ನು ಸುತ್ತಿ ಬಂದ ನೌಕೆ ಹಿಂದೂ ಮಹಾಸಾಗರಕ್ಕೆ ಬಿತ್ತು. ಆಮೆಗಳು ಜೀವಂತವಾಗಿದ್ದವು, ಮೈತೂಕ ಸುಮಾರು ಶೇ. 10ರಷ್ಟು ಇಳಿದಿತ್ತು, ಹಸಿವು ಮಾತ್ರ ಚೆನ್ನಾಗಿತ್ತು. ಮನುಷ್ಯರು ಚಂದ್ರನ ಸುತ್ತ ಹೋಗಿ ಬಂದದ್ದು ಅದಾದ ಮೂರು ತಿಂಗಳ ಮೇಲೆ. ಆ ಎರಡೂ ಮಧ್ಯ ಏಷ್ಯಾದ ಹುಲ್ಲುಗಾಡಿನ ಹಾರ್ಸ್‌ಫೀಲ್ಡ್ ಜಾತಿಯವು. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚಾಗಿ ಸಾಕುವ ನೆಲಾಮೆಗಳಲ್ಲಿ ಆ ಜಾತಿಯೂ ಒಂದು.

ಆಮೆ ಇಷ್ಟು ಗಟ್ಟಿ ಪ್ರಾಣಿ ಎನ್ನುವುದೇ ಹೊಸದಾಗಿ ಸಾಕುವವರಿಗೆ ತೊಡಕು. ಬಿಸಿ ಸಾಲದಿದ್ದರೂ, ಬೆಳಕು ತಪ್ಪಾಗಿದ್ದರೂ, ಹಾಕುವ ತಿನಿಸು ಅದರ ಹೊಟ್ಟೆಗೆ ಒಗ್ಗದಿದ್ದರೂ ಆಮೆ ತಿಂಗಳುಗಟ್ಟಲೆ ತಡೆದುಕೊಳ್ಳುತ್ತದೆ. ಕೂಗುವುದಿಲ್ಲ, ಕುಂಟುವುದಿಲ್ಲ, ಮೂಲೆಯಲ್ಲಿ ಕೂತಿರುತ್ತದೆ ಅಷ್ಟೇ. ಆಮೆ ಕೂತಿರುವುದನ್ನು ಯಾರೂ ಕಾಯಿಲೆ ಎಂದುಕೊಳ್ಳುವುದಿಲ್ಲ. ಚಿಪ್ಪು ಮೆತ್ತಗಾಗಿದೆ ಎಂದು ಬೆರಳಿಗೆ ತಿಳಿಯುವ ಹೊತ್ತಿಗೆ ತಪ್ಪಿಗೆ ಹಲವು ತಿಂಗಳ ವಯಸ್ಸಾಗಿರುತ್ತದೆ. ಹಾಗಾಗಿ ಆಮೆಯ ಮುಖ ನೋಡಿ ಆರೈಕೆ ಕಲಿಯಲು ಆಗುವುದಿಲ್ಲ. ಅದರ ಸುತ್ತಲಿನ ಬಿಸಿ, ಬೆಳಕು, ತೇವ ಈ ಮೂರನ್ನು ಅಳೆದು ನೋಡಿ ಕಲಿಯಬೇಕು. ಇವು ಸರಿಯಿದ್ದರೆ ಆಮೆ ತನ್ನ ಪಾಡಿಗೆ ತಾನು ಬೆಳೆದುಕೊಳ್ಳುತ್ತದೆ. ಇಲ್ಲಿ ಹೇಳುತ್ತಿರುವುದು ನೆಲದ ಮೇಲೆ ಬದುಕುವ ಆಮೆಗಳ ಬಗ್ಗೆ ಮಾತ್ರ. ನೀರಾಮೆಗಳ ಆರೈಕೆ ಪೂರ್ತಿ ಬೇರೆ.

ಮೊದಲು ಬಿಸಿ. ಆಮೆಯ ಮೈ ತನ್ನ ಶಾಖವನ್ನು ತಾನೇ ಕಾಯ್ದುಕೊಳ್ಳಲಾರದು, ಹೊರಗಿನಿಂದ ಪಡೆಯಬೇಕು. ಜೀರ್ಣಕ್ರಿಯೆ, ರೋಗನಿರೋಧಕ ಶಕ್ತಿ, ಕೊಟ್ಟ ಔಷಧಿ ಕೆಲಸ ಮಾಡುವ ವೇಗ ಎಲ್ಲವೂ ಆ ಶಾಖಕ್ಕೆ ಕಟ್ಟುಬಿದ್ದಿವೆ. ತಣ್ಣಗಿರುವ ಆಮೆಗೆ ಹೊಟ್ಟೆ ತುಂಬ ತಿನ್ನಿಸಿದರೆ ಅದು ಅರಗದೆ ಕರುಳಿನಲ್ಲೇ ಕೊಳೆಯತೊಡಗುತ್ತದೆ. ಕಾಡಿನಲ್ಲಿ ಆಮೆ ಬೆಳಗ್ಗೆ ಬಿಸಿಲಿಗೆ ಬಂದು ಕಾಯುತ್ತದೆ, ಮೈ ಬೆಚ್ಚಗಾದ ಮೇಲೆ ಮೇಯುತ್ತದೆ, ಬಿಸಿ ಹೆಚ್ಚಾದರೆ ಪೊದೆಗೆ ಸರಿಯುತ್ತದೆ. ಸಾಕುವವರು ಕೊಡಬೇಕಾದದ್ದು ಈ ಆಯ್ಕೆಯನ್ನು. ಇಡೀ ಗೂಡು ಒಂದೇ ಉಷ್ಣಾಂಶದಲ್ಲಿದ್ದರೆ ಅದು ಎಷ್ಟೇ 'ಸರಿಯಾದ' ಉಷ್ಣಾಂಶವಾಗಿದ್ದರೂ ಆಮೆಗೆ ಸೆರೆಮನೆಯೇ. ಒಂದು ತುದಿಯಲ್ಲಿ, ದೀಪದ ನೇರ ಕೆಳಗೆ, 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರಲಿ. ಇನ್ನೊಂದು ತುದಿ 20ರಿಂದ 24ರ ಆಸುಪಾಸಿನಲ್ಲಿ ತಂಪಾಗಿರಲಿ. ಹರ್ಮನ್, ಗ್ರೀಕ್‌ನಂಥ ಮೆಡಿಟರೇನಿಯನ್ ಕಡೆಯ ಜಾತಿಗಳು ಮತ್ತು ಹಾರ್ಸ್‌ಫೀಲ್ಡ್ ರಾತ್ರಿ 15 ಡಿಗ್ರಿಗೆ ಇಳಿದರೂ ತಾಳುತ್ತವೆ, ಆ ಇಳಿತ ಅವುಗಳಿಗೆ ಬೇಕೂ ಬೇಕು. ಉಷ್ಣವಲಯದ ಜಾತಿಗಳಿಗೆ ರಾತ್ರಿಯೂ ಬೆಚ್ಚನೆಯ ಜಾಗ ಬೇಕು.

ಶಾಖ ಮೇಲಿನಿಂದ ಬರಬೇಕು. ಕೆಳಗೆ ಹಾಸುವ ಹೀಟಿಂಗ್ ಪ್ಯಾಡ್, ಬಿಸಿಯಾಗುವ ಕೃತಕ ಕಲ್ಲು ಇವು ಆಮೆಗೆ ಹೇಳಿ ಮಾಡಿಸಿದ್ದಲ್ಲ. ಬಿಸಿಲು ತಲೆಯ ಮೇಲಿನಿಂದ ಬೀಳುತ್ತದೆ ಎಂದು ತಿಳಿದ ಪ್ರಾಣಿ ಹೊಟ್ಟೆಯಡಿ ಸುಡುವುದನ್ನು ಸಕಾಲಕ್ಕೆ ಗುರುತಿಸದೆ ಸುಟ್ಟುಕೊಳ್ಳಬಹುದು. ಅಳತೆಯನ್ನು ಗೋಡೆಯ ಮೇಲೆ ಅಂಟಿಸಿದ ಥರ್ಮಾಮೀಟರಿನಲ್ಲಿ ನೋಡಿ ಪ್ರಯೋಜನವಿಲ್ಲ. ಆಮೆಯ ಬೆನ್ನು ಇರುವ ಎತ್ತರದಲ್ಲಿ, ದೀಪದ ನೇರ ಕೆಳಗೆ ಅಳೆಯಬೇಕು. ದೀಪಕ್ಕೆ ಉಷ್ಣಾಂಶವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇದ್ದರೆ ಒಳ್ಳೆಯದು. ದೀಪದಡಿ ಏರಿ ಬೀಳುವಂಥ ಕಡಿದಾದ ಕಲ್ಲನ್ನು ಮಾತ್ರ ಇಡಬೇಡಿ. ಅಂಗಾತ ಬಿದ್ದ ಆಮೆ ಆ ಶಾಖದಿಂದ ಸರಿದುಕೊಳ್ಳಲಾರದೆ ಕೆಲವೇ ಗಂಟೆಗಳಲ್ಲಿ ಸಾಯಬಹುದು.

ಬೆಳಕಿನ ವಿಚಾರವನ್ನು ಹೆಚ್ಚಿನವರು ಶಾಖದೊಂದಿಗೆ ಕಲಸಿಬಿಡುತ್ತಾರೆ. ಬಿಸಿ ಕೊಡುವ ಬಲ್ಬು ಬೇರೆ, ಯುವಿಬಿ ಎಂಬ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಕೊಡುವ ಟ್ಯೂಬು ಬೇರೆ. ಎರಡನ್ನೂ ಒಟ್ಟಿಗೆ ಕೊಡುವ ದೀಪಗಳಿವೆ, ಆದರೆ ಅವುಗಳಲ್ಲಿ ಒಂದನ್ನು ಹೊಂದಿಸಲು ಹೋದರೆ ಇನ್ನೊಂದು ತಪ್ಪುತ್ತದೆ. ಆಮೆಯ ಚರ್ಮದಲ್ಲಿ ಕೊಲೆಸ್ಟ್ರಾಲಿಗೆ ಹತ್ತಿರದ ಒಂದು ವಸ್ತುವಿದೆ. ಸುಮಾರು 290ರಿಂದ 315 ನ್ಯಾನೋಮೀಟರ್ ಅಲೆಯ ಯುವಿಬಿ ಅದರ ಮೇಲೆ ಬಿದ್ದಾಗ ವಿಟಮಿನ್ ಡಿ3ರ ಮೊದಲ ರೂಪ ಹುಟ್ಟುತ್ತದೆ. ಮೈಯ ಶಾಖದಿಂದ ಅದು ಡಿ3 ಆಗುತ್ತದೆ. ಮುಂದೆ ಯಕೃತ್ತು, ಮೂತ್ರಪಿಂಡಗಳಲ್ಲಿ ಬದಲಾಗಿ ಕೆಲಸಕ್ಕೆ ಬರುತ್ತದೆ. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರುವುದೇ ಕಷ್ಟ. ಆದರೆ ರಕ್ತಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು, ಸ್ನಾಯು, ಹೃದಯ ನಡೆಯುವುದೇ ಅದರಿಂದ. ಆಗ ಮೈ ತನ್ನ ಮೂಳೆಯಿಂದಲೇ ಅದನ್ನು ಕರಗಿಸಿಕೊಳ್ಳುತ್ತದೆ. ಆಮೆಯ ವಿಷಯದಲ್ಲಿ ಮೂಳೆ ಎಂದರೆ ಚಿಪ್ಪೂ ಹೌದು. ಚಿಪ್ಪು ಮೈಮೇಲೆ ಹೊದ್ದ ಹೊದಿಕೆಯಲ್ಲ. ಪಕ್ಕೆಲುಬು, ಬೆನ್ನುಮೂಳೆಗಳು ಬೆಸೆದು ಆದದ್ದು, ಮೇಲೆ ಉಗುರಿನ ಜಾತಿಯ ಕೆರಾಟಿನ್ ಬಿಲ್ಲೆಗಳು, ಒಳಗೆ ನರ ಮತ್ತು ರಕ್ತನಾಳಗಳು. ಮುಟ್ಟಿದರೆ ಆಮೆಗೆ ತಿಳಿಯುತ್ತದೆ. ಚಿಪ್ಪಿಗೆ ಬಣ್ಣ ಬಳಿಯುವುದು, ಕಟ್ಟಿಹಾಕಲು ತೂತು ಕೊರೆಯುವುದು ಹಿಂಸೆ ಎನ್ನುವುದು ಇದಕ್ಕೇ.

ಕಿಟಕಿಯ ಗಾಜು ಯುವಿಬಿಯನ್ನು ಬಹುಪಾಲು ತಡೆಯುತ್ತದೆ. ಹಾಗಾಗಿ ಗಾಜಿನ ಹಿಂದೆ ಬಿಸಿಲಲ್ಲಿ ಕೂತ ಆಮೆಗೆ ಸಿಗುವುದು ಬಿಸಿ ಮಾತ್ರ. ಟ್ಯೂಬಿನ ಮುಂದಿನ ಸಣ್ಣ ತಂತಿಜಾಲರಿ ಕೂಡ ಒಂದಷ್ಟು ಯುವಿಬಿಯನ್ನು ನುಂಗುತ್ತದೆ. ಟ್ಯೂಬು ಹಳತಾದಂತೆ ಯುವಿಬಿ ಕುಗ್ಗುತ್ತದೆ, ಕಣ್ಣಿಗೆ ಕಾಣುವ ಬೆಳಕು ಮಾತ್ರ ಹಾಗೆಯೇ ಉರಿಯುತ್ತಿರುತ್ತದೆ. ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ 6ರಿಂದ 12 ತಿಂಗಳಿಗೆ, ಅದನ್ನು ಬದಲಿಸಬೇಕು. ಬದಲಿಸಿದ ದಿನಾಂಕವನ್ನು ಟ್ಯೂಬಿನ ಮೇಲೇ ಬರೆದಿಡಿ, ನೆನಪನ್ನು ನಂಬಬೇಡಿ. ದಿನಕ್ಕೆ ಸುಮಾರು 12 ಗಂಟೆ ಬೆಳಕು, ರಾತ್ರಿ ಪೂರ್ತಿ ಕತ್ತಲೆ. ಹೊರಗೆ ನೇರ ಬಿಸಿಲು ಸಿಗುವ ದಿನ ಆಮೆಯನ್ನು ಹೊರಗೆ ಬಿಡುವುದಕ್ಕೆ ಸಮನಾದ ದೀಪ ಇನ್ನೂ ಬಂದಿಲ್ಲ.

ಮೂರನೆಯದಾದ ತೇವದ ಬಗ್ಗೆ ಬಹುಕಾಲ ತಪ್ಪು ತಿಳಿವಳಿಕೆ ಇತ್ತು. ಆಮೆ ಒಣನಾಡಿನ ಪ್ರಾಣಿ, ಅದನ್ನು ಒಣಗಾಗಿಯೇ ಇಡಬೇಕು ಎಂದು ಸಾಕುವವರು ನಂಬಿದ್ದರು. ಮರಿಗಳ ಬೆನ್ನಿನ ಬಿಲ್ಲೆಗಳು ನಯವಾಗಿ ಬೆಳೆಯದೆ ಒಂದೊಂದೂ ಗೋಪುರದಂತೆ ಎದ್ದು ನಿಂತಾಗ ಪ್ರೋಟೀನ್ ಹೆಚ್ಚಾಯಿತು ಎಂದು ಆಹಾರವನ್ನು ದೂರುತ್ತಿದ್ದರು. ಆಫ್ರಿಕಾದ ಸಲ್ಕಾಟಾ ಜಾತಿಯ ಮರಿಗಳನ್ನು ಬೇರೆಬೇರೆ ತೇವಾಂಶದಲ್ಲಿ, ಬೇರೆಬೇರೆ ಪ್ರಮಾಣದ ಪ್ರೋಟೀನ್ ಕೊಟ್ಟು ಬೆಳೆಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಗೋಪುರಗಳಿಗೆ ಮುಖ್ಯ ಕಾರಣ ಒಣಹವೆ, ಪ್ರೋಟೀನಿನ ಪಾಲು ತೀರ ಕಡಿಮೆ ಎಂದು ಅದು ತೋರಿಸಿತು. ಯೋಚಿಸಿದರೆ ಇದರಲ್ಲಿ ಅಚ್ಚರಿಯೇನಿಲ್ಲ. ಒಣನಾಡಿನಲ್ಲೂ ಮರಿಗಳು ದಿನದ ಬಹುಪಾಲನ್ನು ಕಳೆಯುವುದು ಬಿಲದಲ್ಲಿ, ಬೇರುಗಳ ಸಂದಿಯಲ್ಲಿ, ಒದ್ದೆ ಮಣ್ಣಿನೊಳಗೆ. ನಾವು ನೋಡುವುದು ಅವು ಬಿಸಿಲಿಗೆ ಬಂದ ಹೊತ್ತನ್ನು ಮಾತ್ರ. ಒಮ್ಮೆ ಎದ್ದ ಗೋಪುರ ಮತ್ತೆ ಇಳಿಯುವುದಿಲ್ಲ. ತೇವ ಸರಿಪಡಿಸಿದರೆ ಮುಂದಿನ ಬೆಳವಣಿಗೆ ಮಾತ್ರ ನಯವಾಗಿ ಬರುತ್ತದೆ.

ಇದನ್ನು ಮನೆಯಲ್ಲಿ ಮಾಡುವುದು ಕಷ್ಟವಲ್ಲ. ಮಣ್ಣು ಮತ್ತು ತೆಂಗಿನ ನಾರಿನ ಪುಡಿ ಬೆರೆಸಿ, ಆಮೆ ಮೈ ಹುದುಗಿಸಿಕೊಳ್ಳುವಷ್ಟು ದಪ್ಪನಾಗಿ ಹಾಸಿ, ಮೇಲ್ಪದರ ಒಣಗಿದ್ದರೂ ಅಡಿಯಲ್ಲಿ ಪಸೆ ಇರುವಂತೆ ನೀರು ಹನಿಸಬೇಕು. ಒಂದು ಮೂಲೆಯಲ್ಲಿ ಒದ್ದೆ ಪಾಚಿ ತುಂಬಿದ ಅಡಗುಗೂಡು ಇರಲಿ. ತಂಪು ಮತ್ತು ಕೊಚ್ಚೆ ಎರಡೂ ಕೂಡಿದರೆ ಮಾತ್ರ ಶ್ವಾಸಕೋಶದ ತೊಂದರೆ, ಚಿಪ್ಪಿನ ಕೊಳೆತ ಶುರುವಾಗುತ್ತವೆ, ತೇವವಿದ್ದಲ್ಲಿ ಬೆಚ್ಚಗಿರಲೇಬೇಕು. ಮರಿಗಳನ್ನು ದಿನಾ, ದೊಡ್ಡವನ್ನು ವಾರಕ್ಕೊಂದೆರಡು ಸಲ, ಗದ್ದ ಮುಳುಗದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ 15-20 ನಿಮಿಷ ಬಿಡಿ. ಅಲ್ಲೇ ಕುಡಿಯುತ್ತದೆ, ಅಲ್ಲೇ ವಿಸರ್ಜಿಸುತ್ತದೆ. ಮೂತ್ರದೊಂದಿಗೆ ಬರುವ ಬಿಳಿ ಪದಾರ್ಥ ಯೂರಿಕ್ ಆಮ್ಲದ ಲವಣ. ಅದು ಮೆತ್ತಗಿದ್ದರೆ ಸರಿ, ಮರಳಿನಂತೆ ಗರಗರ ಎಂದರೆ ನೀರು ಸಾಲದು, ಹಾಗೆಯೇ ಬಿಟ್ಟರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುತ್ತದೆ. ಹೆದರಿದ ಆಮೆ ಕೂಡಿಟ್ಟ ನೀರನ್ನು ಒಮ್ಮೆಲೇ ಚೆಲ್ಲಿಬಿಡುತ್ತದೆ. ಆಗಾಗ ಎತ್ತಿ ಆಡಿಸಬೇಡಿ ಎನ್ನಲು ಇದೂ ಒಂದು ಕಾರಣ.

ಗೂಡಿನ ಬಗ್ಗೆ ಎರಡೇ ಮಾತು. ಗಾಜಿನ ಮೀನುತೊಟ್ಟಿ ದೊಡ್ಡ ಆಮೆಗೆ ತಕ್ಕದ್ದಲ್ಲ. ಅದು ಇಕ್ಕಟ್ಟು, ಗಾಜೆಂಬ ಗೋಡೆ ಕಾಣದೆ ಆಮೆ ದಿನವಿಡೀ ಅದಕ್ಕೇ ಮೈ ಉಜ್ಜುತ್ತಿರುತ್ತದೆ. ಆಚೆ ಕಾಣದ ಗೋಡೆಯ ಅಗಲವಾದ ಮರದ ತೊಟ್ಟಿ ಅಥವಾ ಇನ್ನೂ ಒಳ್ಳೆಯದೆಂದರೆ ಹೊರಗೆ ಬೇಲಿ ಹಾಕಿದ ಅಂಗಳ ಬೇಕು. ಆ ಬೇಲಿಯ ಬುಡ ನೆಲದೊಳಗೂ ಇಳಿದಿರಲಿ, ಏಕೆಂದರೆ ಹಾರ್ಸ್‌ಫೀಲ್ಡ್ ಹತ್ತುವುದರಲ್ಲೂ ತೋಡುವುದರಲ್ಲೂ ಗಟ್ಟಿಗ.

ತಿನಿಸಿನಲ್ಲಿ ಜಾತಿ ಮುಖ್ಯ. ಹಾರ್ಸ್‌ಫೀಲ್ಡ್, ಹರ್ಮನ್, ಗ್ರೀಕ್ ಆಮೆಗಳು ಸೊಪ್ಪು, ಕಳೆಗಿಡ, ಹೂವು ತಿನ್ನುವವು. ಸಲ್ಕಾಟಾ, ಲೆಪರ್ಡ್ ಆಮೆಗಳು ಹೆಚ್ಚಾಗಿ ಹುಲ್ಲು ಮೇಯುವವು. ಇವುಗಳ ಹೊಟ್ಟೆ ನಾರನ್ನು ಕರುಳಿನ ಹಿಂಭಾಗದಲ್ಲಿ ಸೂಕ್ಷ್ಮಜೀವಿಗಳಿಂದ ಹುದುಗಿಸಿ ಅರಗಿಸುವಂಥದ್ದು. ಅಲ್ಲಿಗೆ ಸಿಹಿ ಹಣ್ಣು ಬಿದ್ದರೆ ಆ ಸೂಕ್ಷ್ಮಜೀವಿಗಳ ಲೆಕ್ಕವೇ ಕೆಟ್ಟು ಭೇದಿಯಾಗುತ್ತದೆ. ದಕ್ಷಿಣ ಅಮೆರಿಕದ ಕಾಡಿನ ಕೆಂಪುಕಾಲಿನ ಆಮೆಗಾದರೋ ಹಣ್ಣು, ಅಣಬೆ, ಆಗೊಮ್ಮೆ ಈಗೊಮ್ಮೆ ಹುಳುಹುಪ್ಪಟೆ ಸಹಜ ಆಹಾರ. ಒಂದು ಜಾತಿಯ ಆಹಾರಪಟ್ಟಿಯನ್ನು ಇನ್ನೊಂದಕ್ಕೆ ಹಚ್ಚಿದರೆ ಆಗುವ ಅನಾಹುತ ಇದೇ.

ಎಲೆ ತಿನ್ನುವ ಜಾತಿಗಳಿಗೆ ದಂಡೇಲಿಯನ್, ಅಗಲ ಎಲೆಯ ಪ್ಲಾಂಟೇನ್ ಎಂಬ ಕಳೆಗಳು, ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿ ಒಳ್ಳೆಯವು. ಎಲ್ಲವೂ ಕೀಟನಾಶಕ ಸೋಕದವಾಗಿರಬೇಕು. ನೋಡಬೇಕಾದ ಲೆಕ್ಕ ಕ್ಯಾಲ್ಸಿಯಂ ಮತ್ತು ರಂಜಕದ ನಡುವಿನದು: ರಂಜಕಕ್ಕಿಂತ ಕ್ಯಾಲ್ಸಿಯಂ ಕನಿಷ್ಠ ಎರಡು ಪಟ್ಟು ಇರಬೇಕು. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರಲ್ಲೇ ಇರುವ ಆಕ್ಸಲೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೌತೆಕಾಯಿ, ಲೆಟ್ಯೂಸ್ ನೀರಿಗಿಂತ ಸ್ವಲ್ಪ ಮೇಲು, ಅಷ್ಟೇ. ಅನ್ನ, ಬ್ರೆಡ್ಡು, ಹಾಲು, ನಾಯಿಬೆಕ್ಕಿನ ತಿಂಡಿ ಬೇಡವೇ ಬೇಡ. ಅವೊಕ್ಯಾಡೊ, ಕಣಗಿಲೆ ವಿಷ. ತಿನಿಸಿನ ಮೇಲೆ ಚಿಟಿಕೆ ಕ್ಯಾಲ್ಸಿಯಂ ಪುಡಿ ಉದುರಿಸಿ, ಗೂಡಿನಲ್ಲಿ ಕಟಲ್‌ಫಿಶ್ ಎಂಬ ಕಡಲಜೀವಿಯ ಮೂಳೆಯ ತುಂಡೊಂದನ್ನು ಇಟ್ಟಿರಿ. ಕೊರೆದು ತಿನ್ನುವುದರಿಂದ ಕೊಕ್ಕೂ ಸವೆಯುತ್ತದೆ. ಟೊಮೆಟೊ, ಬಾಳೆಹಣ್ಣಿನ ರುಚಿ ಹತ್ತಿದ ಆಮೆ ಸೊಪ್ಪನ್ನು ಮೂಸಿಯೂ ನೋಡದೆ ಮುಷ್ಕರ ಹೂಡುವುದುಂಟು. ಸೋಲಬೇಡಿ. ಬೆಚ್ಚಗಿರುವ, ಕಾಯಿಲೆಯಿಲ್ಲದ ದೊಡ್ಡ ಆಮೆ ಕೆಲವು ದಿನ ಹಸಿದರೆ ಏನೂ ಆಗದು.

ಚಳಿಗಾಲದ ನಿದ್ದೆಯ ಹೆಸರೆತ್ತಿದರೆ ಹೊಸಬರು ಬೆದರುತ್ತಾರೆ, ಬೆದರುವುದೂ ಸರಿಯೇ. ಹರ್ಮನ್, ಹಾರ್ಸ್‌ಫೀಲ್ಡ್, ಗ್ರೀಕ್ ಆಮೆಗಳಲ್ಲಿ ಹಲವು ತಮ್ಮ ನಾಡಿನಲ್ಲಿ ನೆಲದಡಿ ಚಳಿಗಾಲ ಕಳೆಯುತ್ತವೆ. ಸಲ್ಕಾಟಾ, ಲೆಪರ್ಡ್, ಕೆಂಪುಕಾಲಿನ ಆಮೆ, ನಕ್ಷತ್ರ ಆಮೆ ಹಾಗೆ ಮಲಗುವುದಿಲ್ಲ. ಅವುಗಳನ್ನು ತಣ್ಣಗಿಟ್ಟರೆ ನಿದ್ದೆ ಬರುವುದಿಲ್ಲ, ಸಾವು ಬರುತ್ತದೆ. ಮಲಗುವ ಜಾತಿಗಳಿಗೂ ಬೇಕಾದ ಉಷ್ಣಾಂಶದ ಗೆರೆ ಬಲು ಸಣ್ಣದು: 3ರಿಂದ 7 ಡಿಗ್ರಿ, ನಡುವಿನ 5 ಉತ್ತಮ. ಸೊನ್ನೆಗಿಂತ ಕೆಳಗಿಳಿದರೆ ಕಣ್ಣು ಹೋಗಬಹುದು, ಪ್ರಾಣವೇ ಹೋಗಬಹುದು. 10 ದಾಟಿದರೆ ಅರೆಎಚ್ಚರದಲ್ಲಿ ಕೂಡಿಟ್ಟ ಶಕ್ತಿ ಕರಗುತ್ತದೆ. ಅದಕ್ಕೇ ಅನುಭವಿಗಳು ಇದಕ್ಕೆಂದೇ ಒಂದು ಫ್ರಿಜ್ಜನ್ನು ಮೀಸಲಿಟ್ಟು, ಗಾಳಿಗಾಗಿ ಆಗಾಗ ಬಾಗಿಲು ತೆರೆದು ಮುಚ್ಚುತ್ತಾರೆ. ಮಲಗುವ ಮುನ್ನ ಕೆಲವು ವಾರ ತಿನಿಸು ನಿಲ್ಲಿಸಿ, ನೀರಿನಲ್ಲಿ ಬಿಡುತ್ತ ಹೊಟ್ಟೆ ಖಾಲಿ ಮಾಡಿಸಬೇಕು. ನಿದ್ದೆಯಲ್ಲಿ ತಿಂಗಳಿಗೆ ಶೇ. 1ರಷ್ಟು ತೂಕ ಇಳಿಯುವುದು ಸಹಜ, ಒಟ್ಟು ಶೇ. 10 ತಲುಪಿದರೆ, ಅಥವಾ ಮಲಗಿದಲ್ಲೇ ಮೂತ್ರ ಮಾಡಿದರೆ, ಎಬ್ಬಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ, ಆಮೆಯನ್ನು ಪಶುವೈದ್ಯರು ನೋಡದೆ, ನೀವು ಅದರ ಒಂದು ವರ್ಷದ ತೂಕದ ದಾಖಲೆ ಇಟ್ಟಿರದೆ ಮಲಗಿಸುವುದು ಬೇಡ. ಮೊದಲ ಚಳಿಗಾಲ ಬೆಚ್ಚಗೆ, ಬೆಳಕಿನಲ್ಲಿ ಎಚ್ಚರವಾಗಿಯೇ ಕಳೆಯಲಿ.

ಇಷ್ಟನ್ನು ಓದಿದ ಮೇಲೆ ಯಾವ ಜಾತಿ ಎಂಬ ಪ್ರಶ್ನೆ ಅರ್ಧ ಬಗೆಹರಿದಂತೆ. ನಿಮ್ಮ ಹವೆಗೆ, ಜಾಗಕ್ಕೆ ಯಾವುದು ಹತ್ತಿರವೋ ಅದು. 15ರಿಂದ 25 ಸೆಂಟಿಮೀಟರ್ ಬೆಳೆಯುವ ಹಾರ್ಸ್‌ಫೀಲ್ಡ್ ಅಥವಾ ಹರ್ಮನ್ ಹೊಸಬರಿಗೆ ಒಗ್ಗುತ್ತವೆ. ಅಂಗೈಯಲ್ಲಿ ಮುದ್ದಾಗಿ ಕೂರುವ ಸಲ್ಕಾಟಾ ಮರಿಯನ್ನು ದಯವಿಟ್ಟು ನೋಡಿಯೂ ನೋಡದಂತಿರಿ. ಅದು 50 ಕಿಲೋ ಮೀರಿ ಬೆಳೆಯಬಲ್ಲದು, ಮೀಟರುಗಟ್ಟಲೆ ಸುರಂಗ ತೋಡುತ್ತದೆ, ಬೇಲಿಯನ್ನು ತಳ್ಳಿ ಕೆಡಹುತ್ತದೆ. ಇನ್ನು ಎಲ್ಲ ನೆಲಾಮೆಗಳೂ ವನ್ಯಜೀವಿ ವ್ಯಾಪಾರವನ್ನು ಹತೋಟಿಯಲ್ಲಿಡುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಭಾರತ, ಶ್ರೀಲಂಕಾ, ಪಾಕಿಸ್ತಾನಗಳ ನಕ್ಷತ್ರ ಆಮೆ 2019ರಲ್ಲಿ ಅತ್ಯಂತ ಬಿಗಿಯಾದ ಒಂದನೇ ಅನುಬಂಧಕ್ಕೆ ಸೇರಿತು. ಭಾರತದಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಡುವುದು ಅಪರಾಧ. ಎಲ್ಲೇ ಇರಲಿ, ಮೊದಲು ಅಲ್ಲಿನ ಕಾನೂನು ನೋಡಿ, ಆಮೇಲೆ ಆಮೆ ನೋಡಿ.

ಕಾಡಿನಿಂದ ಹಿಡಿದು ತಂದದ್ದು ಬೇಡ. ಅದು ಕಾಡಿಗೆ ಮಾಡಿದ ಕಳವು ಎಂಬುದು ಒಂದು, ಸಾಗಾಟದ ಬಳಲಿಕೆ, ಜಂತುಹುಳುಗಳ ಹೊರೆ ಹೊತ್ತು ಬರುತ್ತದೆ ಎಂಬುದು ಇನ್ನೊಂದು. ಸಾಕಣೆಯಲ್ಲೇ ಹುಟ್ಟಿದ್ದು, ಕಾಗದಪತ್ರ ಇರುವಂಥದ್ದು, ಆದರೆ ತೀರ ಮರಿಯಲ್ಲದ್ದು ಆಗಲಿ. ಎರಡು ಮೂರು ವರ್ಷ ಬೆಳೆದ ಆಮೆ ಕಲಿಯುವವರ ತಪ್ಪುಗಳನ್ನು ತಾಳಿಕೊಳ್ಳುತ್ತದೆ. ಸಾಕಲಾರದೆ ಬಿಟ್ಟವರಿಂದ ಆಮೆ ಪಡೆದು ಹೊಸ ಮನೆ ಹುಡುಕುವ ಆಶ್ರಯಧಾಮಗಳಿದ್ದರೆ ಅಲ್ಲಿಂದಲೇ ತರುವುದು ಇನ್ನೂ ಲೇಸು. ಎತ್ತಿ ನೋಡಿ: ಗಾತ್ರಕ್ಕೆ ತಕ್ಕ ಭಾರ ಕೈಗೆ ಹತ್ತಬೇಕು. ಕಾಲು ಎಳೆದರೆ ಬಲವಾಗಿ ಹಿಂದಕ್ಕೆಳೆದುಕೊಳ್ಳಬೇಕು. ಕಣ್ಣು ಅರಳಿರಬೇಕು, ಮೂಗು ಒಣಗಿರಬೇಕು. ಬಿಲ್ಲೆಗಳ ಮೇಲಿನ ಉಂಗುರ ಎಣಿಸಿ ವಯಸ್ಸು ಹೇಳುವವರ ಮಾತು ನಂಬಬೇಡಿ. ಒಂದೇ ವರ್ಷದಲ್ಲಿ ಹಲವು ಉಂಗುರ ಮೂಡಬಹುದು.

ಒಂಟಿ ಪಾಪ ಎಂದು ಜೋಡಿ ತರುವವರಿದ್ದಾರೆ. ಆಮೆಗೆ ಒಂಟಿತನದ ಕೊರಗಿಲ್ಲ. ಎರಡು ಗಂಡು ಸೇರಿದರೆ ಡಿಕ್ಕಿ ಹೊಡೆದು ಕಚ್ಚಾಡುತ್ತವೆ, ಒಂದು ಗಂಡು ಒಂದು ಹೆಣ್ಣಾದರೆ ಹೆಣ್ಣಿಗೆ ನೆಮ್ಮದಿಯಿಲ್ಲ. ಅಕ್ಕಪಕ್ಕ ಮಲಗಿರುವುದು ಪ್ರೀತಿಯಂತೆ ಕಂಡರೂ ಹಲವು ಸಲ ಅದು ಒಳ್ಳೆಯ ಜಾಗಕ್ಕಾಗಿ ನಡೆದ ತಳ್ಳಾಟ. ಅದಲ್ಲದೆ ಮರಿಯಲ್ಲಿ ಗಂಡು ಹೆಣ್ಣು ತಿಳಿಯುವುದೇ ಇಲ್ಲ. ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ನೌಕೆಯ ಮೇಲಿದ್ದ 'ತಿಮೋಥಿ' ಎಂಬ ಆಮೆ ಹೆಣ್ಣು ಎಂದು ಗೊತ್ತಾದದ್ದು 1926ರಲ್ಲಿ. ಅದು ಸತ್ತದ್ದು 2004ರಲ್ಲಿ, ಸುಮಾರು 160ರ ವಯಸ್ಸಿನಲ್ಲಿ. ಎಲ್ಲವೂ ಅಷ್ಟು ಬದುಕುವುದಿಲ್ಲ, ಆದರೆ 50 ವರ್ಷ ದಾಟುವುದು ಸಾಮಾನ್ಯ. ನಿಮ್ಮ ನಂತರ ಅದನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ತರುವ ಮುನ್ನವೇ ಮನೆಯವರೊಂದಿಗೆ ಕೂತು ಮಾತಾಡಿ.

ಕಾಯಿಲೆಗಳಲ್ಲಿ ಹೆಚ್ಚು ಕಾಣುವುದು ಮೂಗು ಸೋರುವುದು. ಇದಕ್ಕೆ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ, ಹರ್ಪಿಸ್ ವೈರಸ್ ಕಾರಣವಾಗಬಹುದು, ಗೂಡಿನಲ್ಲಿ ಹಾಸಿದ ಮಣ್ಣಿನ ದೂಳೂ ಕಾರಣವಾಗಬಹುದು. ಆಮೆಗೆ ನಮ್ಮಂತೆ ಎದೆ ಹೊಟ್ಟೆಗಳ ನಡುವಿನ ಸ್ನಾಯುಪದರವಾದ ವಪೆ ಇಲ್ಲ, ಕೆಮ್ಮಿ ಕಫ ಹೊರಹಾಕಲಾರದು. ನೆಗಡಿ ಎಂದು ಉದಾಸೀನ ಮಾಡಿದ್ದು ನ್ಯುಮೋನಿಯಾ ಆಗಿರುತ್ತದೆ. ಬಾಯಿ ತೆರೆದು, ಕತ್ತು ಚಾಚಿ ಉಸಿರಾಡಿದರೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ಸರೀಸೃಪಗಳನ್ನು ಬಲ್ಲ ವೈದ್ಯರೇ ಆಗಬೇಕು, ಏಕೆಂದರೆ ಬೇರೆ ಪ್ರಾಣಿಗಳಿಗೆ ಜಂತುಹುಳುವಿಗೆಂದು ಕೊಡುವ ಐವರ್‌ಮೆಕ್ಟಿನ್ ಆಮೆಯನ್ನು ಕೊಲ್ಲಬಲ್ಲದು. ಅಂಥ ವೈದ್ಯರು ಎಲ್ಲಿದ್ದಾರೆ ಎಂದು ಆಮೆ ತರುವ ಮುನ್ನವೇ ಹುಡುಕಿಟ್ಟುಕೊಳ್ಳಿ. ಮನುಷ್ಯರ ಪಾಲಿಗೆ ಅಪಾಯವೆಂದರೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ: ಆರೋಗ್ಯವಾಗಿ ಕಾಣುವ ಆಮೆಯೂ ಅದನ್ನು ಹೊತ್ತಿರಬಹುದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಅದರ ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಇನ್ನು ತರುವುದು. ಗೂಡು ಕಟ್ಟಿ, ದೀಪ ಹಚ್ಚಿ, ಒಂದು ವಾರ ಖಾಲಿ ಗೂಡನ್ನೇ ನಡೆಸಿ ನೋಡಿ. ಹಗಲು ರಾತ್ರಿಯ ಉಷ್ಣಾಂಶ ಬರೆದಿಡಿ. ಲೆಕ್ಕ ಕೂಡಿ ಬಂದ ಮೇಲೆ ಆಮೆ ಬರಲಿ. ಬಂದ ದಿನ ಉಗುರುಬೆಚ್ಚಗಿನ ನೀರಿನಲ್ಲಿ ಬಿಟ್ಟು, ಒರೆಸಿ, ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಂಥದ್ದರಲ್ಲಿ ತೂಗಿ, ಗೂಡಿಗಿಳಿಸಿ ಸುಮ್ಮನೆ ಬಿಟ್ಟುಬಿಡಿ. ಹಲವು ದಿನ ಅದು ಅಡಗುಗೂಡು ಬಿಟ್ಟು ಬಾರದಿರಬಹುದು, ತಿನ್ನದಿರಬಹುದು. ಮನೆಗೆ ಬಂದವರಿಗೆಲ್ಲ ಎತ್ತಿ ತೋರಿಸುವ ಆಸೆಯನ್ನು ಅಷ್ಟು ದಿನ ತಡೆದುಕೊಳ್ಳಬೇಕು. ಬೆಳಗ್ಗೆ ದೀಪ ಹತ್ತಿ ಒಂದೆರಡು ಗಂಟೆಯ ಮೇಲೆ ಸೊಪ್ಪು ಇಡಿ, ಸಂಜೆ ಉಳಿದದ್ದನ್ನು ತೆಗೆಯಿರಿ. ಮನೆಯಲ್ಲಿ ಬೇರೆ ಆಮೆ ಇದ್ದರೆ ಹೊಸದನ್ನು ಕೆಲವು ತಿಂಗಳು ಬೇರೆ ಕೋಣೆಯಲ್ಲಿ, ಬೇರೆ ತಟ್ಟೆ ಬೇರೆ ತೊಟ್ಟಿಯಲ್ಲಿ ಇಡಬೇಕು. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ತೂಗಿ ಬರೆಯಿರಿ. ಎರಡು ವಾರ ಸತತ ತೂಕ ಇಳಿದರೆ ಮೊದಲು ಥರ್ಮಾಮೀಟರ್ ನೋಡಿ, ಆಮೇಲೆ ವೈದ್ಯರಿಗೆ ಹೇಳಿ. ಮೊದಲ ಸಲ ಹಿಕ್ಕೆ ಹಾಕಿದಾಗ ಅದನ್ನು ಸಣ್ಣ ಡಬ್ಬಿಯಲ್ಲಿ ತುಂಬಿ, ಒಣಗುವ ಮುನ್ನ ಜಂತುಹುಳು ಪರೀಕ್ಷೆಗೆ ಕೊಟ್ಟುಬನ್ನಿ.